ಸ್ಪ್ರಿಂಗ್ ಮರಗಾಲು: ನೆಗೆಯುವ ಮುನ್ನ ತೂಕ ನೋಡಿ

ಜಾತ್ರೆ, ಉತ್ಸವಗಳ ಮೆರವಣಿಗೆಯಲ್ಲಿ ಮರಗಾಲು ಕಟ್ಟಿಕೊಂಡು, ನೆರೆದವರ ತಲೆಗಿಂತ ಎತ್ತರದಲ್ಲಿ ಕುಣಿಯುವ ಕಲಾವಿದರನ್ನು ನೀವು ನೋಡಿರುತ್ತೀರಿ. ಆ ಮರಗಾಲಿಗೆ ಸ್ಪ್ರಿಂಗ್ ಕೂಡಿಸಿದರೆ ಹೇಗಿದ್ದೀತು? ಅದೇ ‘ಜಂಪಿಂಗ್ ಸ್ಟಿಲ್ಟ್ಸ್’, ಅಂದರೆ ಸ್ಪ್ರಿಂಗ್ ಮರಗಾಲು. ಜರ್ಮನಿಯ ಅಲೆಕ್ಸಾಂಡರ್ ಬೊಕ್ ಎಂಬುವರು ರೂಪಿಸಿದ ಈ ಸಾಧನಕ್ಕೆ 2004ರಲ್ಲಿ ಅಮೆರಿಕದ ಪೇಟೆಂಟ್ ದೊರೆಯಿತು. ಅವರ ಹೆಸರಿನಿಂದಲೇ ಈ ಹವ್ಯಾಸಕ್ಕೆ ‘ಪವರ್‌ಬಾಕಿಂಗ್’ ಎಂಬ ಹೆಸರೂ ಬಂದಿದೆ. 2008ರ ಬೀಜಿಂಗ್ ಒಲಿಂಪಿಕ್ಸ್‌ನ ಸಮಾರೋಪ ಸಮಾರಂಭದಲ್ಲಿ ಇವನ್ನು ತೊಟ್ಟು ನೆಗೆದ ಕಲಾವಿದರನ್ನು ಜನರು ಟಿ.ವಿ.ಯಲ್ಲಿ ಕಂಡು ಬೆರಗಾದರು.

ಇಂದು ಮೊಬೈಲಿನಲ್ಲಿ ಇಂಥ ದೃಶ್ಯಗಳನ್ನು ನೋಡಿದ ಮಕ್ಕಳು ‘ನನಗೂ ಬೇಕು’ ಎಂದು ಹಟ ಹಿಡಿಯುತ್ತಾರೆ. ಮನೆಯಲ್ಲೇ ಕುಳಿತು ತರಿಸಿಕೊಳ್ಳುವ ಅನುಕೂಲವೂ ಇದೆ. ‘ಡಾಕ್ಟರೇ, ಕೊಡಿಸಬಹುದೇ?’ ಎಂದು ತಂದೆ ತಾಯಿ ಕೇಳುವುದು ಸಹಜ. ಕೊಡಿಸಬಹುದು. ಆದರೆ ಸಾಧನ ಧರಿಸುವವರ ತೂಕಕ್ಕೆ ಹೊಂದಬೇಕು, ಶರೀರ ಅದಕ್ಕೆ ಸಿದ್ಧವಾಗಿರಬೇಕು ಮತ್ತು ನೆಗೆಯುವ ಮುನ್ನ ಬೀಳುವುದನ್ನು ಕಲಿಯಬೇಕು. ಈ ಮೂರರಲ್ಲಿ ಒಂದು ತಪ್ಪಿದರೂ ಆಟದ ಸಾಮಾನು ಆಸ್ಪತ್ರೆಯ ದಾರಿ ತೋರಿಸುತ್ತದೆ.

ಇದು ಕೆಲಸ ಮಾಡುವ ಬಗೆ

ಸ್ಪ್ರಿಂಗ್ ಎಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ಸುರುಳಿ. ಇಲ್ಲಿರುವುದು ಸುರುಳಿಯಲ್ಲ, ಬಿಲ್ಲು. ಗಾಜಿನ ಎಳೆಗಳಿಂದ ತಯಾರಾದ, ಫೈಬರ್‌ಗ್ಲಾಸ್ ಎಂಬ ವಸ್ತುವಿನ ಬಾಗಿದ ಪಟ್ಟಿ ಕಾಲಿನ ಹಿಂಬದಿಯಲ್ಲಿ ಮೊಣಕಾಲಿನ ಮಟ್ಟದಿಂದ ನೆಲದವರೆಗೆ ಇರುತ್ತದೆ. ಪಾದವನ್ನು ಒಂದು ಹಲಗೆಯ ಮೇಲಿಟ್ಟು ಪಟ್ಟಿಗಳಿಂದ ಬಿಗಿಯುತ್ತಾರೆ. ಮೊಣಕಾಲಿನ ಕೆಳಗೆ ಇನ್ನೊಂದು ಪಟ್ಟಿ. ನೆಲಕ್ಕೆ ತಾಗುವ ತುದಿಯಲ್ಲಿ ಆಡಿನ ಗೊರಸಿನಂಥ ಸಣ್ಣ ರಬ್ಬರ್ ತುಂಡು. ನೀವು ಭಾರ ಬಿಟ್ಟಾಗ ಬಿಲ್ಲು ಬಾಗಿ ಶಕ್ತಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ಮತ್ತೆ ನೆಟ್ಟಗಾಗುವಾಗ ನಿಮ್ಮನ್ನು ಮೇಲಕ್ಕೆ ಚಿಮ್ಮಿಸುತ್ತದೆ.

ನಮ್ಮ ಶರೀರದಲ್ಲೂ ಇಂಥದೇ ವ್ಯವಸ್ಥೆಯಿದೆ. ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಗೆ ಜೋಡಿಸುವ ದಪ್ಪ ಹುರಿಗೆ ಅಖಿಲಿಸ್ ರಜ್ಜು ಎಂದು ಹೆಸರು. ಓಡುವಾಗ ಅದು ಪ್ರತಿ ಹೆಜ್ಜೆಗೂ ಸ್ವಲ್ಪ ಹಿಗ್ಗಿ, ಹಿಗ್ಗಿದ ಶಕ್ತಿಯನ್ನು ಮರುಗಳಿಗೆಯಲ್ಲೇ ಹಿಂದಿರುಗಿಸುತ್ತದೆ. ಕಾಂಗರೂ ದಣಿಯದೆ ಕುಪ್ಪಳಿಸುವ ಗುಟ್ಟೂ ಇಂಥ ರಜ್ಜುಗಳಲ್ಲೇ ಇದೆ. ಸ್ಪ್ರಿಂಗ್ ಮರಗಾಲು ನಮಗೆ ಇನ್ನೊಂದು ದೊಡ್ಡ ರಜ್ಜುವನ್ನು ಹೊರಗಿನಿಂದ ಕಟ್ಟಿದಂತೆ. ಆದರೆ ಅದನ್ನು ಅಂಕೆಯಲ್ಲಿಡುವ ಕೆಲಸ ನಿಮ್ಮ ತೊಡೆ, ಸೊಂಟ ಮತ್ತು ಹೊಟ್ಟೆಯ ಸ್ನಾಯುಗಳದ್ದು.

ಆಯ್ಕೆಯ ಮೊದಲ ಸೂತ್ರ: ತೂಕ

ನಮ್ಮ ಮನೆಗಳಲ್ಲಿ ಒಂದು ರೂಢಿಯಿದೆ. ‘ಬೆಳೆಯುವ ಹುಡುಗ, ಇನ್ನೆರಡು ವರ್ಷ ಬರಲಿ’ ಎಂದು ಯೂನಿಫಾರಂ, ಶೂ ಎಲ್ಲವನ್ನೂ ಒಂದು ಅಳತೆ ದೊಡ್ಡದಾಗಿಯೇ ತರುತ್ತೇವೆ. ಸ್ಪ್ರಿಂಗ್ ಮರಗಾಲಿನ ವಿಷಯದಲ್ಲಿ ಈ ಉಳಿತಾಯ ಅಪಾಯಕಾರಿ.

ಬಿಲ್ಲುಗಳು ತೂಕಕ್ಕೆ ತಕ್ಕಂತೆ ತಯಾರಾಗುತ್ತವೆ. ವಯಸ್ಕರ ಮಾದರಿಗಳಲ್ಲಿ 50ರಿಂದ 70 ಕಿಲೋ, 70ರಿಂದ 90 ಕಿಲೋ ಎಂಬಂತೆ ಮಿತಿಯನ್ನು ನಮೂದಿಸಿರುತ್ತಾರೆ. ಮಕ್ಕಳ ಮಾದರಿಗಳ ಮಿತಿ ಇದಕ್ಕಿಂತ ಕಡಿಮೆ. 35 ಕಿಲೋ ತೂಗುವ ಹುಡುಗನಿಗೆ 70 ಕಿಲೋದ ಬಿಲ್ಲು ಕಟ್ಟಿದರೆ ಅದು ಬಾಗುವುದೇ ಇಲ್ಲ. ನೆಲಕ್ಕೆ ಅಪ್ಪಳಿಸಿದ ಪೆಟ್ಟೆಲ್ಲ ನೇರವಾಗಿ ಮೊಣಕಾಲಿಗೆ, ಬೆನ್ನಿಗೆ ಹೋಗುತ್ತದೆ. ಹೇಗಾದರೂ ಬಾಗಿಸಲೇಬೇಕೆಂದು ಹುಡುಗ ಇನ್ನಷ್ಟು ಜೋರಾಗಿ ನೆಗೆದು ಆಯ ತಪ್ಪುತ್ತಾನೆ. ಇದಕ್ಕೆ ವಿರುದ್ಧವಾಗಿ, ಭಾರದ ವ್ಯಕ್ತಿ ಹಗುರ ಬಿಲ್ಲನ್ನು ಕಟ್ಟಿಕೊಂಡರೆ ಅದು ಅತಿಯಾಗಿ ಬಾಗಿ, ಓಟದ ನಡುವೆಯೇ ಸೀಳಬಹುದು.

ಆದ್ದರಿಂದ ಶೂ, ಹೆಲ್ಮೆಟ್ ಸಹಿತ ತೂಕ ನೋಡಿಕೊಂಡು ಆರಿಸಿ. ನಮೂದಿಸಿದ ಮೇಲ್ಮಿತಿಯನ್ನು ಎಂದೂ ದಾಟಬೇಡಿ. 75 ಕಿಲೋದ ಅಣ್ಣ, 48 ಕಿಲೋದ ತಮ್ಮ ಒಂದೇ ಜೋಡಿಯನ್ನು ಸರದಿಯಲ್ಲಿ ಬಳಸುವಂತಿಲ್ಲ. ಮೆಲ್ಲಗೆ ಕುಪ್ಪಳಿಸಿದಾಗ ಬಿಲ್ಲು ಕಣ್ಣಿಗೆ ಕಾಣುವಷ್ಟು ಬಾಗಬೇಕು, ಆದರೆ ಕೊನೆಯವರೆಗೆ ಕುಸಿಯಬಾರದು. ಹಾಗಿದ್ದರೆ ಅದು ನಿಮಗೆ ಹೊಂದಿದೆ ಎಂದರ್ಥ.

ಬಳಸಿದ ಜೋಡಿಯನ್ನು ಕೊಳ್ಳುವುದಾದರೆ ಬಿಲ್ಲಿನ ಮೇಲೆ ಬೆಳಕು ಹಿಡಿದು ಬಿರುಕು, ಎದ್ದ ಎಳೆಗಳನ್ನು ಹುಡುಕಿ. ಬರಿಗೈಯಲ್ಲಿ ಸವರಬೇಡಿ, ಗಾಜಿನ ಎಳೆ ಚರ್ಮಕ್ಕೆ ಚುಚ್ಚಿಕೊಂಡರೆ ತೆಗೆಯುವುದು ಕಷ್ಟ. ಬೋಲ್ಟು, ನಟ್ಟುಗಳ ಬಿಗಿತ, ಪಟ್ಟಿಗಳ ಹೊಲಿಗೆ, ರಬ್ಬರ್ ತುದಿಯ ಸವೆತ ಇವನ್ನು ಪ್ರತಿಸಲ ಕಟ್ಟಿಕೊಳ್ಳುವ ಮುನ್ನ ಪರೀಕ್ಷಿಸುವುದು ಕಡ್ಡಾಯ.

ಶರೀರ ಸಿದ್ಧವೇ?

ವಯಸ್ಕರ ಮರಗಾಲು ಒಂದೊಂದೂ ಸುಮಾರು 3ರಿಂದ 4 ಕಿಲೋ ತೂಗುತ್ತದೆ. ಅಷ್ಟು ಭಾರವನ್ನು ಕಾಲಿಗೆ ಕಟ್ಟಿಕೊಂಡು ಹೆಜ್ಜೆ ಎತ್ತಿಡಬೇಕು. ಮನೆಯಲ್ಲೇ ಮಾಡಬಹುದಾದ ಒಂದು ಸರಳ ಪರೀಕ್ಷೆ ಹೇಳುತ್ತೇನೆ. ಪ್ರತಿ ಕಾಲಿನ ಮೇಲೂ ಒಂಟಿಯಾಗಿ, ಏನನ್ನೂ ಹಿಡಿಯದೆ, ಅರ್ಧ ನಿಮಿಷ ನಿಲ್ಲಿ. ನಂತರ ನಿಧಾನವಾಗಿ 20 ಬಸ್ಕಿ ತೆಗೆಯಿರಿ. ಮೂರು ಮಹಡಿಯ ಮೆಟ್ಟಿಲನ್ನು ನಿಲ್ಲದೆ ಹತ್ತಿ. ಇವು ನೋವಿಲ್ಲದೆ, ಏದುಸಿರಿಲ್ಲದೆ ಆದರೆ ಕಲಿಯಲು ತೊಡಗಬಹುದು. ಆಗದಿದ್ದರೆ ಒಂದೆರಡು ತಿಂಗಳು ಬಿರುಸಿನ ನಡಿಗೆ, ಬಸ್ಕಿ, ಹಗ್ಗದಾಟ ಮಾಡಿ ಮತ್ತೆ ನೋಡಿ.

ಮೂರ್ಛೆರೋಗ, ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ, ತಲೆಸುತ್ತು, ಮೂಳೆ ಸವೆತ, ಮೊಣಕಾಲು ಅಥವಾ ಬೆನ್ನಿನ ಡಿಸ್ಕ್ ತೊಂದರೆ ಇರುವವರು ಇದರ ಗೊಡವೆಗೆ ಹೋಗಬಾರದು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಗರ್ಭಿಣಿಯರು ಕೂಡ ದೂರವಿರಬೇಕು. ಮಕ್ಕಳ ಎಲುಬಿನ ತುದಿಯಲ್ಲಿ ಬೆಳವಣಿಗೆಯ ಮೃದು ಪದರವಿರುತ್ತದೆ. ಅದಕ್ಕೆ ಪೆಟ್ಟಾದರೆ ಮುಂದೆ ಎಲುಬು ಸೊಟ್ಟಗೆ ಅಥವಾ ಗಿಡ್ಡವಾಗಿ ಬೆಳೆಯುವ ಸಂಭವವುಂಟು. ಹೀಗಾಗಿ ಮಕ್ಕಳು ಹಿರಿಯರ ಕಣ್ಣೆದುರಿಗೇ ಆಡಬೇಕು.

ಕವಚಗಳು

ಹೆಲ್ಮೆಟ್, ಮಣಿಕಟ್ಟಿನ ಕವಚ, ಮೊಣಕೈ ಕವಚ, ಮೊಣಕಾಲಿನ ಕವಚ ಇವು ನಾಲ್ಕೂ ಬೇಕು. ಸ್ಕೇಟಿಂಗ್ ಮಾಡುವವರು ಬಳಸುವಂಥವು ಸಾಕು. ‘ಮೊದಲು ಮರಗಾಲು ಬರಲಿ, ಕವಚ ಆಮೇಲೆ ನೋಡೋಣ’ ಎನ್ನಬೇಡಿ. ಕಲಿಕೆಯ ಮೊದಲ ದಿನಗಳಲ್ಲೇ ಬೀಳುವುದು ಹೆಚ್ಚು. ಕೊಳ್ಳುವ ಹಣದಲ್ಲಿ ಕವಚಗಳ ಪಾಲನ್ನು ಮೊದಲೇ ತೆಗೆದಿಡಿ.

ಮೊದಲ ಹೆಜ್ಜೆಗಳು

ಇವನ್ನು ತೊಟ್ಟಾಗ ನಿಮ್ಮ ಎತ್ತರ ಸುಮಾರು ಒಂದೂವರೆ ಅಡಿ ಹೆಚ್ಚುತ್ತದೆ. ಸಾಮಾನ್ಯ ಕುರ್ಚಿಯಿಂದ ಏಳುವುದು ಆಗದ ಮಾತು. ಸೊಂಟದ ಮಟ್ಟದ ಕಟ್ಟೆಯ ಮೇಲೆ ಕುಳಿತು ಕಟ್ಟಿಕೊಳ್ಳಿ. ಎರಡೂ ಬದಿಗೆ ಗಟ್ಟಿಯಾದ ಇಬ್ಬರು ನಿಂತು ಕೈಹಿಡಿಯಲಿ.

ಹೊಸಬರು ಮಾಡುವ ತಪ್ಪು ಅಲುಗಾಡದೆ ನಿಲ್ಲಲು ಹೋಗುವುದು. ನಿಂತ ಸೈಕಲ್ ಬೀಳುತ್ತದೆ, ಓಡುವ ಸೈಕಲ್ ಬೀಳುವುದಿಲ್ಲ. ಇಲ್ಲಿಯೂ ಹಾಗೆಯೇ. ಕಾಲಡಿಯ ರಬ್ಬರ್ ತುಂಡು ತೀರ ಚಿಕ್ಕದಾದ್ದರಿಂದ ನಿಂತಲ್ಲೇ ಸಣ್ಣ ಹೆಜ್ಜೆ ಹಾಕುತ್ತಲೇ ಇರಬೇಕು. ಮೊಣಕಾಲು ತುಸು ಬಾಗಿರಲಿ, ದೃಷ್ಟಿ ಕಾಲಿನ ಮೇಲಲ್ಲ, ಎದುರಿಗೆ ಇರಲಿ. ಮೈ ಕೂದಲೆಳೆಯಷ್ಟು ಮುಂದಕ್ಕೆ ವಾಲಿರಲಿ. ಮೊದಲ ದಿನ ಹತ್ತು ಹದಿನೈದು ನಿಮಿಷ ಸಾಕು. ನಡಿಗೆ ಸಲೀಸಾದ ಮೇಲೆ ಕುಪ್ಪಳಿಕೆ, ಅದು ಹದಕ್ಕೆ ಬಂದ ಮೇಲೆ ಓಟ. ಪಲ್ಟಿ ಹೊಡೆಯುವುದು ತರಬೇತಾದವರ ಕೆಲಸ, ಮೊಬೈಲ್ ನೋಡಿ ಕಲಿಯುವಂಥದ್ದಲ್ಲ.

ಬೀಳುವುದೂ ಒಂದು ವಿದ್ಯೆ. ಆಯ ತಪ್ಪಿತೆನಿಸಿದರೆ ಮೊಣಕಾಲು ಮಡಿಸಿ ಮುಂದಕ್ಕೆ ಬೀಳಿ. ಮೊದಲು ಮೊಣಕಾಲಿನ ಕವಚ, ಆಮೇಲೆ ಕೈಗಳ ಕವಚ ನೆಲ ಮುಟ್ಟಲಿ. ಕೈಯನ್ನು ಕೋಲಿನಂತೆ ಸೆಟೆದು ಊರಬೇಡಿ. ಹಿಂದಕ್ಕೆ ಬೀಳುವುದು ಎಲ್ಲಕ್ಕಿಂತ ಅಪಾಯ, ಬೆನ್ನಿನ ಕೊನೆಯ ಮೂಳೆಗೂ ತಲೆಯ ಹಿಂಭಾಗಕ್ಕೂ ಪೆಟ್ಟು ಬೀಳುತ್ತದೆ. ಹುಲ್ಲಿನ ಮೇಲೆ, ನೆರವಿನವರು ಇರುವಾಗ, ಬೇಕೆಂದೇ ನಾಲ್ಕಾರು ಸಲ ಮುಂದಕ್ಕೆ ಬಿದ್ದು ಅಭ್ಯಾಸ ಮಾಡಿ.

ಎಲ್ಲಿ ಆಡಬಾರದು?

ಈ ಮಾತನ್ನು ತಂದೆ ತಾಯಿ ಗಮನವಿಟ್ಟು ಓದಬೇಕು. ತಾರಸಿಯ ಮೇಲೆ ಖಂಡಿತ ಬೇಡ. ನಿಮ್ಮ ಸೊಂಟದ ಮಟ್ಟಕ್ಕಿರುವ ತಾರಸಿಯ ಗೋಡೆ, ಒಂದೂವರೆ ಅಡಿ ಎತ್ತರವಾದಾಗ ತೊಡೆಯ ಮಟ್ಟಕ್ಕೆ ಇಳಿದುಬಿಡುತ್ತದೆ. ಓಡುತ್ತ ಬಂದು ಅದಕ್ಕೆ ತಾಗಿದರೆ ಗೋಡೆ ತಡೆಯುವುದಿಲ್ಲ, ಆಚೆಗೆ ಉರುಳಿಸುತ್ತದೆ. ಮನೆಯೊಳಗೂ ಬೇಡ, ತಿರುಗುವ ಫ್ಯಾನು, ಬಾಗಿಲ ಚೌಕಟ್ಟಿನ ಮೇಲ್ಭಾಗ ತಲೆಗೆ ತಾಗುತ್ತವೆ. ಬಟ್ಟೆ ಒಣಹಾಕುವ ತಂತಿ ನಡೆಯುವಾಗ ತಲೆಯ ಮೇಲಿದ್ದರೆ, ಮರಗಾಲಿನಲ್ಲಿ ಕುತ್ತಿಗೆಯ ನೇರಕ್ಕೆ ಬರುತ್ತದೆ. ಒದ್ದೆ ನೆಲ, ನಯವಾದ ಟೈಲ್ಸು, ಮರಳು, ಜಲ್ಲಿ ಇದ್ದ ಕಡೆ ರಬ್ಬರ್ ಜಾರುತ್ತದೆ. ವಾಹನ ಓಡಾಡುವ ರಸ್ತೆಯ ಮಾತನ್ನಂತೂ ಆಡುವುದೇ ಬೇಡ. ಒಣಗಿದ, ಸಮತಟ್ಟಾದ, ಗಟ್ಟಿ ನೆಲದ ಆಟದ ಮೈದಾನ ಉತ್ತಮ.

ಪೆಟ್ಟಾದರೆ

ಹೀಗೆ ಬಿದ್ದಾಗ ಹೆಚ್ಚಾಗಿ ನೋಯುವುದು ಮಣಿಕಟ್ಟು. ಬಳೆ, ಉಂಗುರ, ವಾಚು ಇದ್ದರೆ ಬಾವು ಬರುವ ಮುನ್ನವೇ ತೆಗೆಯಿರಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ನಿಮಿಷ ಇಡಿ. ದಿನಪತ್ರಿಕೆಯನ್ನು ದಪ್ಪಗೆ ಮಡಿಸಿ ಕೈಗೆ ಆಸರೆಯಾಗಿ ಕಟ್ಟಿ, ಟವೆಲಿನಲ್ಲಿ ಕುತ್ತಿಗೆಗೆ ತೂಗುಹಾಕಿ ವೈದ್ಯರಲ್ಲಿಗೆ ಬನ್ನಿ. ಎಣ್ಣೆ ಹಚ್ಚಿ ನೀವಿಸುವುದು, ಎಳೆದು ಸರಿಮಾಡಿಸುವುದು ಬೇಡ.

ಇಲ್ಲಿ ಒಂದು ಸೂಕ್ಷ್ಮವಿದೆ. ಹೆಬ್ಬೆರಳನ್ನು ಹಿಗ್ಗಿಸಿದಾಗ ಅದರ ಬುಡದಲ್ಲಿ, ಮಣಿಕಟ್ಟಿನ ಬಳಿ ಒಂದು ಸಣ್ಣ ಗುಳಿ ಕಾಣುತ್ತದೆ. ಅಲ್ಲಿ ಒತ್ತಿದರೆ ನೋವಾಗುತ್ತಿದ್ದರೆ ಸ್ಕೇಫಾಯ್ಡ್ ಎಂಬ ಗೋಡಂಬಿಯಂಥ ಪುಟ್ಟ ಮೂಳೆ ಮುರಿದಿರಬಹುದು. ಮೊದಲ ದಿನದ ಎಕ್ಸ್‌ರೇಯಲ್ಲಿ ಈ ಬಿರುಕು ಕಾಣದಿರುವುದುಂಟು. ‘ಎಕ್ಸ್‌ರೇ ಸರಿಯಿದೆ, ಬರೀ ಉಳುಕು’ ಎಂದು ಬಿಟ್ಟರೆ, ರಕ್ತ ಸಂಚಾರ ಕಡಿಮೆಯಿರುವ ಈ ಮೂಳೆ ಕೂಡದೆ ಉಳಿದು, ಮಣಿಕಟ್ಟು ಬಹುಕಾಲ ಕಾಡಬಹುದು. ನೋವು ಉಳಿದಿದ್ದರೆ ಹತ್ತರಿಂದ ಹದಿನಾಲ್ಕು ದಿನಗಳ ಬಳಿಕ ಮತ್ತೊಮ್ಮೆ ಎಕ್ಸ್‌ರೇ ತೆಗೆಸಲೇಬೇಕು. ಅಲ್ಲಿಯವರೆಗೆ ವೈದ್ಯರು ಹಾಕಿದ ಪಟ್ಟಿಯನ್ನು ನೀವಾಗಿ ಬಿಚ್ಚಬೇಡಿ.

ತಲೆಗೆ ಪೆಟ್ಟಾಗಿ ಎಚ್ಚರ ತಪ್ಪಿದರೆ, ಪದೇ ಪದೇ ವಾಂತಿ, ಮಂಪರು, ಹೆಚ್ಚುತ್ತಿರುವ ತಲೆನೋವು ಕಂಡರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ. ತರಚಿದ ಗಾಯವನ್ನು ಸೋಪು ನೀರಿನಿಂದ ತೊಳೆದು, ಧನುರ್ವಾಯು ಚುಚ್ಚುಮದ್ದಿನ ಅವಧಿ ಮುಗಿದಿದೆಯೇ ಎಂದು ವಿಚಾರಿಸಿ.

ಇದರಿಂದ ಲಾಭವೇನು?

ಇಷ್ಟೆಲ್ಲ ಓದಿ ‘ಈ ಗೋಜೇ ಬೇಡ’ ಎನ್ನುವಿರಾ? ಹಾಗೇನಿಲ್ಲ. ತೊಡೆ, ಮೀನಖಂಡ, ಸೊಂಟ, ಹೊಟ್ಟೆ ಎಲ್ಲಕ್ಕೂ ಇದರಿಂದ ಒಳ್ಳೆಯ ವ್ಯಾಯಾಮ. ಹೃದಯ, ಶ್ವಾಸಕೋಶಗಳು ಚುರುಕಾಗುತ್ತವೆ, ದೇಹದ ಸಮತೋಲ ಪಳಗುತ್ತದೆ. ಎಲ್ಲಕ್ಕಿಂತ ಮಿಗಿಲಾಗಿ, ಕುಳಿತಲ್ಲಿಂದ ಏಳದ ಹುಡುಗ ಸಂಜೆ ಮೈದಾನಕ್ಕೆ ಓಡುತ್ತಾನೆ. ಬೊಜ್ಜು ಕರಗಿಸುವ ಪವಾಡ ಎಂಬಂಥ ಜಾಹೀರಾತಿನ ಮಾತುಗಳನ್ನು ಮಾತ್ರ ನಂಬಬೇಡಿ. ಊಟದ ಮಿತಿಯಿಲ್ಲದೆ ಯಾವ ಆಟವೂ ಬೊಜ್ಜು ಕರಗಿಸದು.

ವಾರಕ್ಕೆ ಎರಡು ಮೂರು ದಿನ ಅರ್ಧ ಗಂಟೆ ಸಾಕು. ಆರಂಭಕ್ಕೆ ಐದು ಹತ್ತು ನಿಮಿಷ ಮೈ ಬೆಚ್ಚಗಾಗಿಸಿ, ಕೊನೆಯಲ್ಲಿ ತೊಡೆ, ಮೀನಖಂಡಗಳನ್ನು ಮೆಲ್ಲಗೆ ಎಳೆದು ಸಡಿಲಿಸಿ. ದಣಿದ ಕಾಲು ಆಯ ತಪ್ಪುವುದು ಬೇಗ. ಆದ್ದರಿಂದ ‘ಇನ್ನೊಂದು ಸುತ್ತು’ ಎಂದು ಮಗು ಕೇಳುವಾಗಲೇ ಪಟ್ಟಿ ಬಿಚ್ಚಿಸಿ. ಉಳಿದ ಆಸೆ ನಾಡಿದ್ದು ಸಂಜೆಗೆ ಇರಲಿ. ಅಂಗಡಿಗೆ ಹೋಗುವ ಅಥವಾ ಮೊಬೈಲಿನಲ್ಲಿ ಬಟನ್ ಒತ್ತುವ ಮುನ್ನ ಇಂದೇ ಮನೆಯವರೆಲ್ಲ ತೂಕದ ಯಂತ್ರ ಹತ್ತಿ, ಅಂಕೆಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ.