ನಿಮಗಿದು ಗೊತ್ತೆ? ಈಜು ಬಾರದವರನ್ನೂ ತೇಲಿಸುವ ಉಪ್ಪುನೀರು

● ಕೃಷ್ಣಾ ನದಿಯ ಹಿಪ್ಪರಗಿ ಬ್ಯಾರೇಜಿನ ಹಿನ್ನೀರಿನಲ್ಲಿ ಅಂಗಾತ ತೇಲಬೇಕಾದರೆ ಈಜು ಬಲ್ಲವರೂ ಎದೆತುಂಬ ಉಸಿರು ಹಿಡಿದು, ಆಗಾಗ ಕೈಕಾಲು ಆಡಿಸಬೇಕು. ನೋವು, ಆತಂಕ ತಗ್ಗಲೆಂದು ಉಪ್ಪುನೀರಿನಲ್ಲಿ ಮಲಗಿಸುವ ‘ತೇಲು ಚಿಕಿತ್ಸೆ’ಯ ತೊಟ್ಟಿಯಲ್ಲಿ ಅದೇನೂ ಬೇಡ. ಅಲ್ಲಿರುವುದು ಒಂದಡಿಯಷ್ಟೇ ನೀರು. ಅದರಲ್ಲಿ ಕರಗಿರುವುದು ನೂರಾರು ಕಿಲೊ ಎಪ್ಸಮ್ ಉಪ್ಪು.

● ಇದು ಅಡುಗೆ ಉಪ್ಪಲ್ಲ, ಮೆಗ್ನೀಸಿಯಂ ಸಲ್ಫೇಟ್. ಇಂಗ್ಲೆಂಡಿನ ಎಪ್ಸಮ್ ಊರಿನಿಂದ ಈ ಹೆಸರು ಬಂತು. ಉಪ್ಪು ಕರಗಿದಷ್ಟೂ ನೀರಿನ ಸಾಂದ್ರತೆ ಹೆಚ್ಚಿ, ದೇಹ ಬೆಂಡಿನಂತೆ ಮೇಲೇಳುತ್ತದೆ.

● ನೀರಿನ ಬಿಸಿ ಸುಮಾರು 35 ಡಿಗ್ರಿ ಸೆಲ್ಸಿಯಸ್, ಹೆಚ್ಚುಕಡಿಮೆ ಚರ್ಮದಷ್ಟೇ. ಬೆಳಕು, ಸದ್ದು ಎರಡೂ ಇರುವುದಿಲ್ಲ. ಬೆನ್ನು, ಕುತ್ತಿಗೆಯ ಸ್ನಾಯುಗಳು ಭಾರ ಇಳಿಸಿ ಸಡಿಲಗೊಳ್ಳುತ್ತವೆ.

● 1954ರಲ್ಲಿ ಅಮೆರಿಕದ ವೈದ್ಯವಿಜ್ಞಾನಿ ಜಾನ್ ಲಿಲ್ಲಿ ಇದರ ಮೂಲರೂಪದ ತೊಟ್ಟಿ ಕಟ್ಟಿಸಿದ್ದು ನೋವು ಕಳೆಯಲಿಕ್ಕಲ್ಲ. ಹೊರಗಿನ ಸುಳಿವೇ ಇಲ್ಲದಾಗ ಮಿದುಳು ಏನು ಮಾಡುತ್ತದೆಂದು ನೋಡಲು.

● ನೋವು ಹೋಗುತ್ತದೆಯೆ? ಜರ್ಮನಿಯಲ್ಲಿ ದೀರ್ಘಕಾಲದ ನೋವಿರುವ 99 ಮಂದಿಯ ಮೇಲೆ ನಡೆದ ಪ್ರಯೋಗದ ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ತೇಲಿದ ಕೂಡಲೇ ನೋವು, ಆತಂಕ ತಗ್ಗಿದವು. ಆದರೆ ಅಣಕು ಚಿಕಿತ್ಸೆ ಪಡೆದವರಿಗೂ ಹಾಗೇ ಆಯಿತು. ಬಹುಕಾಲ ಉಳಿಯುವ ಲಾಭ ಕಾಣಲಿಲ್ಲ.

● ರಬಕವಿ-ಬನಹಟ್ಟಿಯ ಮಗ್ಗದ ಮುಂದೆ ಬಾಗಿ ಕೂತವರಿಗೂ, ಕಬ್ಬು ಕಡಿಯುವವರಿಗೂ ಬೆನ್ನುನೋವು ಹೊಸದಲ್ಲ. ನೋವು ಕೆಲವು ವಾರಗಳಲ್ಲಿ ಇಳಿಯದಿದ್ದರೆ ವೈದ್ಯರಿಗೆ ತೋರಿಸಿ. ತೇಲುವ ಆಸೆಗೆ ಕೃಷ್ಣೆಗೆ ಇಳಿಯಬೇಡಿ, ಅಲ್ಲಿ ಮೊಸಳೆಗಳಿವೆ!