ಉಪಗ್ರಹ ಹೋಯಿತು, ಮೇಷ್ಟರು ಉಳಿದರು

1975ರ ಆಗಸ್ಟ್ 1ರಂದು ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೆಲಿವಿಷನ್ ಬಂದಿತು. ನಮ್ಮ ರಾಯಚೂರು, ಗುಲಬರ್ಗಾ, ವಿಜಾಪುರ ಸೀಮೆಯ ಹಳ್ಳಿಗಳೂ ಅವುಗಳಲ್ಲಿದ್ದವು. ಬೆಳಿಗ್ಗೆ ಶಾಲಾ ಮಕ್ಕಳಿಗೆ ಪಾಠ, ಸಂಜೆ ಹಿರಿಯರಿಗೆ ಕೃಷಿ, ಆರೋಗ್ಯ. ಒಂದು ವರ್ಷದ ಎರವಲು ಮುಗಿದೊಡನೆ ಉಪಗ್ರಹ ಹಿಂದೆ ಸರಿಯಿತು.

ಆ ಭಾಗದ ನಿವೃತ್ತ ಶಿಕ್ಷಕರೊಬ್ಬರು ಒಮ್ಮೆ ನನಗೆ ಹೇಳಿದ್ದರು: ‘ಪೆಟ್ಟಿಗೆ ಮಾತನಾಡುತ್ತಿತ್ತು, ಮಕ್ಕಳ ಪ್ರಶ್ನೆಗೆ ಮಾತ್ರ ನಾನೇ ಉತ್ತರಿಸಬೇಕಿತ್ತು.’

2004ರಲ್ಲಿ ಹಾರಿದ ನಮ್ಮದೇ ಎಜುಸ್ಯಾಟ್ ಕೂಡ 2010ರಲ್ಲಿ ಸೇವೆ ಮುಗಿಸಿತು. 2020ರಲ್ಲಿ ಶಾಲೆಗಳು ಮುಚ್ಚಿ, ಮೊಬೈಲ್ ಇಲ್ಲದ ಮಕ್ಕಳು ಹೊರಗುಳಿದಾಗ ‘ವಿದ್ಯಾಗಮ’ದಡಿ ಊರೂರಿಗೆ ಹೋದವರು ಶಿಕ್ಷಕರೇ.

ತಂತ್ರಜ್ಞಾನ ಬೇಡವೆಂದಲ್ಲ. ಕಡತಗಳ ನಡುವೆ ಬದುಕು ಕಳೆದವನಾಗಿ ಹೇಳುತ್ತೇನೆ: ಯಂತ್ರದ ಖರೀದಿ ಸುಲಭ, ಶಿಕ್ಷಕರ ನೇಮಕ ಕಷ್ಟ. ಆಯವ್ಯಯದ ಮೊದಲ ಸಾಲು ಆ ಕಷ್ಟದ ಕೆಲಸಕ್ಕೇ ಮೀಸಲಾಗಲಿ.