ಅರಳುಮರಳು ಮತ್ತು ಮೇಧಾರಕ್ಷಣೆ

ಕಾಲಿದ್ದವರು ಹಂಪೆಯನ್ನು ನೋಡಬೇಕು, ಕಣ್ಣಿದ್ದವರು ಕನಕಗಿರಿಯನ್ನು ನೋಡಬೇಕು ಎಂಬುದು ಕನಕಗಿರಿ ಪ್ರಾಂತದ ಪ್ರಸಿದ್ಧವಾದ ನಾಣ್ಣುಡಿ. ಹಂಪೆಯ ವಿಸ್ತಾರಕ್ಕೆ ನಡಿಗೆಯೂ ಕನಕಾಚಲಪತಿ ದೇವಾಲಯದ ಶಿಲ್ಪಸೌಂದರ್ಯಕ್ಕೆ ದೃಷ್ಟಿಯೂ ಬೇಕೆಂಬುದು ಇದರ ತಾತ್ಪರ್ಯ. ಕನ್ನಡ ನಾಡಿನಲ್ಲೆಲ್ಲ ಪ್ರಚಲಿತವಾದ ಮತ್ತೊಂದು ಮಾತು, ಅರವತ್ತಕ್ಕೆ ಅರಳುಮರಳು ಎಂಬುದು. ಮೊದಲನೆಯದು ಇಂದ್ರಿಯಗಳ ಬೆಲೆಯನ್ನು ತಿಳಿಸುವುದು. ಎರಡನೆಯದು ಬುದ್ಧಿಭ್ರಂಶವು ವಯಸ್ಸಿನ ಅನಿವಾರ್ಯ ಫಲವೆಂಬ ಭ್ರಾಂತಿಯನ್ನು ಹುಟ್ಟಿಸುವುದು. ಈ ಭ್ರಾಂತಿಯಿಂದ ಚಿಕಿತ್ಸೆಗೆ ಯೋಗ್ಯವಾದ ವ್ಯಾಧಿಗಳೂ ಉಪೇಕ್ಷೆಗೆ ಗುರಿಯಾಗುವುದರಿಂದ ಇದರ ವಿಚಾರವು ಅವಶ್ಯಕವಾಗಿದೆ.

ಚರಕಸಂಹಿತೆಯ ಶಾರೀರಸ್ಥಾನದಲ್ಲಿ ಸ್ಮೃತಿಯುಂಟಾಗುವುದಕ್ಕೆ ಎಂಟು ಕಾರಣಗಳು ಹೇಳಲ್ಪಟ್ಟಿವೆ. ರೂಪಗ್ರಹಣ, ಸಾದೃಶ್ಯ, ಅಭ್ಯಾಸ, ಪುನಃಶ್ರವಣ ಮೊದಲಾದವು ಅವುಗಳಲ್ಲಿ ಸೇರಿವೆ. ಕಂಡುದನ್ನು ಚೆನ್ನಾಗಿ ಗ್ರಹಿಸುವುದಕ್ಕೆ ಕಣ್ಣೂ, ಮರಳಿ ಕೇಳುವುದಕ್ಕೆ ಕಿವಿಯೂ ಬೇಕಷ್ಟೆ. ಆದುದರಿಂದ ಸ್ಮೃತಿಯು ಕೇವಲ ತಲೆಯೊಳಗಣ ಭಂಡಾರವಲ್ಲ. ಇಂದ್ರಿಯ, ಶರೀರ, ಅಭ್ಯಾಸ ಇವು ಮೂರನ್ನೂ ಆಶ್ರಯಿಸಿದ ವ್ಯಾಪಾರವೆಂದು ತಿಳಿಯತಕ್ಕದ್ದು.

ವಯಸ್ಸಾದಂತೆ ಹೆಸರುಗಳು ತಡವಾಗಿ ನೆನಪಿಗೆ ಬರುವುದು ಸಹಜ. ಆದರೆ ನಿತ್ಯವೂ ನಡೆದ ಬೀದಿಯಲ್ಲಿ ದಾರಿ ತಪ್ಪುವುದು, ಜೀವಮಾನವೆಲ್ಲ ಮಾಡಿದ ಹಣದ ಲೆಕ್ಕವು ತಿಳಿಯದೆ ಹೋಗುವುದು ರೋಗದ ಲಕ್ಷಣಗಳು. ಇಂತಹ ರೋಗಗಳಲ್ಲಿ ಮುಖ್ಯವಾದುದನ್ನು ಜರ್ಮನಿಯ ವೈದ್ಯ ಆಲ್ಜೈಮರನು 1906ರಲ್ಲಿ ವಿವರಿಸಿದನು. 2023ರಲ್ಲಿ ಪ್ರಕಟವಾದ ಗಣನೆಯಂತೆ ಭಾರತದಲ್ಲಿ 60 ವರ್ಷ ಮೀರಿದವರಲ್ಲಿ ಈ ಬಗೆಯ ಮರೆವಿನ ರೋಗವುಳ್ಳವರು ಶೇಕಡಾ 7.4ರಷ್ಟು. ಎಂದರೆ ನೂರರಲ್ಲಿ ತೊಂಬತ್ತೆರಡು ಮಂದಿ ವೃದ್ಧರಿಗೆ ಈ ರೋಗವಿಲ್ಲ, ಗಾದೆಯು ನಿಯಮವಾಗಲಾರದು. ಇನ್ನು, ಒಂದೆರಡು ದಿನಗಳಲ್ಲಿಯೇ ತಟ್ಟನೆ ತೋರುವ ಬುದ್ಧಿಭ್ರಮೆಯು ಜ್ವರ, ನಿರ್ಜಲತೆ, ಔಷಧಗಳ ದೋಷ ಮುಂತಾದವುಗಳಿಂದ ಬರುವುದುಂಟು. ಥೈರಾಯಿಡ್ ಗ್ರಂಥಿಯ ಮಾಂದ್ಯ, ಬಿ-12 ಜೀವಸತ್ತ್ವದ ಕೊರತೆ ಇವುಗಳಿಂದಲೂ ಮರೆವು ಹುಟ್ಟುವುದು. ಇವನ್ನು ಅರಳುಮರಳೆಂದು ಬಿಟ್ಟುಬಿಡುವುದು ಅಪಾಯಕರ.

ಲ್ಯಾನ್ಸೆಟ್ ವೈದ್ಯಪತ್ರಿಕೆಯ ಆಯೋಗವು 2024ರಲ್ಲಿ ತಿದ್ದಬಹುದಾದ 14 ಕಾರಣಗಳನ್ನು ವಯೋಭೇದದಿಂದ ವಿಂಗಡಿಸಿತು. ಬಾಲ್ಯದಲ್ಲಿ ವಿದ್ಯೆಯ ಕೊರತೆ. ಮಧ್ಯವಯಸ್ಸಿನಲ್ಲಿ ಕಿವುಡುತನ, ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲ್, ಸ್ಥೌಲ್ಯ, ಖಿನ್ನತೆ, ತಲೆಗೆ ಪೆಟ್ಟು, ಧೂಮಪಾನ, ಅತಿಮದ್ಯಪಾನ, ಶ್ರಮವಿಲ್ಲದ ಜೀವನ. ವಾರ್ಧಕ್ಯದಲ್ಲಿ ಏಕಾಂತವಾಸ, ದೂಷಿತ ವಾಯು, ದೃಷ್ಟಿನಾಶ. ಇವೆಲ್ಲವೂ ನಿವಾರಣೆಯಾದರೆ ಸುಮಾರು ಶೇಕಡಾ 45ರಷ್ಟು ರೋಗವನ್ನು ತಡೆಯಬಹುದು ಅಥವಾ ಮುಂದೂಡಬಹುದು ಎಂಬುದು ಆ ಆಯೋಗದ ಅಂದಾಜು. ಉಳಿದ ಭಾಗವು ಇನ್ನೂ ಮನುಷ್ಯಯತ್ನಕ್ಕೆ ವಶವಾಗಿಲ್ಲ. ಆದುದರಿಂದ ರೋಗಿಯನ್ನು ದೋಷಿಯೆಂದೆಣಿಸುವುದು ನ್ಯಾಯವಲ್ಲ.

ಈ ಪಟ್ಟಿಯನ್ನು ಕನಕಗಿರಿಯ ಸೀಮೆಗೆ ಅನ್ವಯಿಸಿ ನೋಡಿದರೆ ಮೊದಲ ಕರ್ತವ್ಯವು ಶಾಲೆಯಲ್ಲಿಯೇ ಆರಂಭವಾಗುವುದು. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಸಾಕ್ಷರತೆಯು ಸುಮಾರು ಶೇಕಡಾ 68. ಸ್ತ್ರೀಯರಲ್ಲಿ ಸುಮಾರು 58 ಮಾತ್ರ. ಬಾಲಿಕೆಯನ್ನು ಶಾಲೆ ಬಿಡಿಸುವುದು ಆಕೆಯ ವಾರ್ಧಕ್ಯದ ಬುದ್ಧಿಬಲವನ್ನೂ ಕುಗ್ಗಿಸಬಹುದೆಂಬುದನ್ನು ತಂದೆತಾಯಿಗಳು ಅರಿಯಬೇಕು. ಕರ್ನಾಟಕದ ಗ್ರಾಮವಾಸಿಗಳ ವಿಷಯದಲ್ಲಿ ಇಂತಹ ಕಾರಣಗಳನ್ನು ದೀರ್ಘಕಾಲ ಪರೀಕ್ಷಿಸುವ ಉದ್ದೇಶದಿಂದ ಬೆಂಗಳೂರಿನ ಮಿದುಳು ಸಂಶೋಧನ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ 45 ವರ್ಷ ಮೀರಿದವರ ಅಧ್ಯಯನವನ್ನು ಕೈಗೊಂಡಿದೆ.

ಮಂಡೂಕಪರ್ಣಿ, ಯಷ್ಟಿಮಧು, ಗುಡೂಚಿ, ಶಂಖಪುಷ್ಪಿಗಳನ್ನು ಚರಕನು ಮೇಧ್ಯರಸಾಯನಗಳೆಂದು ಹೇಳಿರುವನು. ಆದರೆ ಅವು ಈ ರೋಗವನ್ನು ತಡೆಯುವುವೆಂದು ಈವರೆಗೆ ಸಿದ್ಧವಾಗಿಲ್ಲ. ಅವುಗಳನ್ನೇ ನಂಬಿ ರಕ್ತದೊತ್ತಡದ ಔಷಧವನ್ನು ಬಿಡುವುದು ಅವಿವೇಕವಾಗುವುದು. ಕಿವಿ ಮಂದವಾದವರಿಗೆ ಶ್ರವಣಯಂತ್ರ, ಕಣ್ಣಿಗೆ ಪೊರೆ ಬಂದವರಿಗೆ ಶಸ್ತ್ರಚಿಕಿತ್ಸೆ, ಪ್ರತಿದಿನವೂ ನಡಿಗೆ, ಹೊಸದೊಂದನ್ನು ಕಲಿಯುವ ಅಭ್ಯಾಸ, ಪುರಾಣಶ್ರವಣಕ್ಕೂ ರಥೋತ್ಸವಕ್ಕೂ ವೃದ್ಧರನ್ನು ಜತೆಗೂಡಿಸಿಕೊಂಡು ಹೋಗುವ ಪದ್ಧತಿ, ಇವೇ ಮನೆಮನೆಗೂ ಸಾಧ್ಯವಾದ ಮೇಧಾರಕ್ಷಣೆ. ಮನೆಯ ಹಿರಿಯರು ಕೇಳಿದುದನ್ನೇ ಮತ್ತೆ ಕೇಳಿದಾಗ ಗದರಿಸದೆ, ಮೊದಲು ಅವರ ಕಿವಿಯನ್ನೂ ಅನಂತರ ಅವರ ದೇಹಸ್ಥಿತಿಯನ್ನೂ ವೈದ್ಯರಿಂದ ಪರೀಕ್ಷೆ ಮಾಡಿಸುವುದು ಉಚಿತವಾಗಿದೆ.